ನಾಯಿ ಬಾಯಿ ಬಿಡಲ್ಲ, ಯಜಮಾನರು ಬಾಯಿ ಮುಚ್ಚಲ್ಲ

ಬೆಂಗಳೂರಿನ ಯಾವ ಪಾರ್ಕಾದರೂ ಸರಿ, ಬೆಳಗ್ಗೆ ನಾಯಿ ಹಿಡಿದು ನಿಂತವರ ನಡುವೆ ಒಂದು ಮಾತು ಎಸೆದು ನೋಡಿ: "ನಮ್ಮ ಪಿಂಕಿ ಯಾಕೋ ನಿನ್ನೆಯಿಂದ ಊಟ ಬಿಟ್ಟಿದ್ದಾಳೆ." ಐದೂವರೆ ವರ್ಷ ಓದಿ ಬಂದ ಪಶುವೈದ್ಯರು "ಮೊದಲು ರಕ್ತ ಪರೀಕ್ಷೆ ಆಗಲಿ" ಅಂತಾರೆ. ಪಾರ್ಕಿನವರಿಗೆ ಅದರ ಹಂಗಿಲ್ಲ. ಒಬ್ಬರು ಅರಿಶಿನ ಅಂತಾರೆ, ಇನ್ನೊಬ್ಬರು ಆಪಲ್ ಸೈಡರ್ ವಿನೆಗರ್, ಮತ್ತೊಬ್ಬರು ಹೋಮಿಯೋಪಥಿಯ ಸಕ್ಕರೆ ಗುಳಿಗೆ. ಮೂಲೆಯಲ್ಲಿ ನಿಂತ ಅಜ್ಜಿ "ದೃಷ್ಟಿ ತೆಗೀರಿ" ಅಂತಾರೆ. ಇವರೆಲ್ಲರ ಪೈಕಿ ನಾಯಿಗೆ ಅಪಾಯ ಕಡಿಮೆ ಇರುವುದು ಅಜ್ಜಿಯಿಂದಲೇ ಅಂತ ನನ್ನ ಅಭಿಪ್ರಾಯ.

ಅಜ್ಜಿಯ ಮಾತಿಗೆ ನಕ್ಕವರ ನಾಯಿಯ ಕೊರಳು ನೋಡಿ. ಕಪ್ಪು ದಾರ ಕಟ್ಟಿದರೆ ಮೂಢನಂಬಿಕೆ. ಉಣುಗು ಹತ್ತಿರ ಸುಳಿಯಲ್ಲ ಅಂತ ಆಂಬರ್ ಮಣಿಸರ ತರಿಸಿ ಕಟ್ಟಿದರೆ ಅದು 'ನ್ಯಾಚುರಲ್'. ಉಣುಗಿಗೆ ಇಂಥ ಭೇದಭಾವ ಇಲ್ಲ. ದಾರವನ್ನೂ ದಾಟುತ್ತದೆ, ಮಣಿಯನ್ನೂ ದಾಟುತ್ತದೆ, ಕಿವಿಯೊಳಗೆ ಹೋಗಿ ಸುಖವಾಗಿ ಕೂರುತ್ತದೆ.

ಇನ್ನು ಉಣುಗಿಗೆ ಬೆಳ್ಳುಳ್ಳಿ ತಿನ್ನಿಸುವ ಪಂಡಿತರು. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಉಣುಗಿನಿಂದ ಬರುವ ಬಬೇಸಿಯಾ ರೋಗದ ಕಸುಬೂ ಅದೇ, ಕೆಂಪು ಕಣ ಒಡೆಯುವುದು. ಅಂದರೆ ನೀವು ರೋಗಕ್ಕೆ ಸಂಬಳವಿಲ್ಲದ ಅಸಿಸ್ಟೆಂಟ್ ನೇಮಿಸಿಕೊಟ್ಟಿರಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಿದ್ದ ನಾಡಿನಲ್ಲಿ ಈಗ ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದೇ. ಹಿತ್ತಲಲ್ಲಿ ಕಣಗಿಲೆಯೂ ಬೆಳೆಯುತ್ತದೆ ಸ್ವಾಮಿ, ಅದು ಹೃದಯ ನಿಲ್ಲಿಸುತ್ತದೆ.

ಟಿಕ್ ಫೀವರ್ ಬಂದ ಮನೆಯಲ್ಲಿ ಇನ್ನೊಂದು ತಮಾಷೆ. ಎರ್ಲಿಕಿಯಾ ಅಂತ ಗೊತ್ತಾಗಿ ಡಾಕ್ಟರು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಬರೆದಿರುತ್ತಾರೆ. ಜೊತೆಗೆ ಮನೆಯವರು ಪರಂಗಿ ಎಲೆ ಅರೆದು ರಸ ಕುಡಿಸಿರುತ್ತಾರೆ. ನಾಯಿ ಎದ್ದು ಬಾಲ ಅಲ್ಲಾಡಿಸಿತೋ, ಕೀರ್ತಿ ಪರಂಗಿ ಎಲೆಗೆ, ಬಿಲ್ಲಿನ ಬೈಗುಳ ಡಾಕ್ಟರಿಗೆ!

"ಅದೆಲ್ಲ ಇರಲಿ, ಮನುಷ್ಯರಿಗಾದರೆ ನಂಬಿಕೆಯಿಂದ ವಾಸಿಯಾಯ್ತು ಅನ್ನಬಹುದು. ನಾಯಿಗೆಲ್ಲಿಯ ನಂಬಿಕೆ? ಅದರ ಕಾಲುನೋವು ಕಡಿಮೆಯಾದದ್ದು ಸುಳ್ಳಾ?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕೀಲುವಾತದಿಂದ ಕುಂಟುವ 58 ನಾಯಿಗಳಿಗೆ ಕೊಟ್ಟದ್ದು ಔಷಧವೇ ಇಲ್ಲದ ಹುಸಿಮಾತ್ರೆ. ಕಾಲು ಎಷ್ಟು ಭಾರ ಊರುತ್ತದೆ ಅಂತ ಅಳೆಯುವ ಫಲಕದ ಮೇಲೆ ಅವನ್ನು ನಡೆಸಿದರು. ಫಲಕ ಹೇಳಿದ್ದಕ್ಕೂ ಯಜಮಾನರು ಹೇಳಿದ್ದಕ್ಕೂ ತಾಳೆಯಿಲ್ಲ. ಸುಧಾರಣೆ ಇಲ್ಲದ ಕಡೆಯೂ ಸುಧಾರಣೆ ಕಂಡವರು ಅರ್ಧಕ್ಕಿಂತ ಹೆಚ್ಚು, ಶೇ 57ರಷ್ಟು. ವೈದ್ಯರೇನೂ ಹಾಲಿನಲ್ಲಿ ಮಿಂದವರಲ್ಲ. ಅವರೂ ಶೇ 40ರ ಆಸುಪಾಸಿನಲ್ಲಿ ಹೀಗೇ ಏಮಾರಿದರು. ನಂಬಿಕೆ ಬೇಕಾಗಿರುವುದು ನಾಯಿಗಲ್ಲ, ನೋಡುವ ಕಣ್ಣಿಗೆ. ಔಷಧ ಕೊಟ್ಟವರಿಗೆ ನೋವು ಇಳಿಯುತ್ತದೆ, ನಾಯಿ ಕುಂಟುತ್ತಲೇ ಇರುತ್ತದೆ, ಪಾಪ.

ಭೇದಿಯ ಕಥೆ ಇದಕ್ಕಿಂತ ಸುಲಭ. ಏನೋ ತಿಂದು ಹೊಟ್ಟೆ ಕೆಟ್ಟ ನಾಯಿ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ತಾನೇ ಸರಿಯಾಗುತ್ತದೆ. ನಾವು ಗುಳಿಗೆ ಹುಡುಕಿ ತರುವ ಹೊತ್ತಿಗೆ ಸರಿಯಾಗಿ ಎರಡು ದಿನ ಆಗಿರುತ್ತದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು. ಅಂದಹಾಗೆ ಹೋಮಿಯೋಪಥಿಯ 30ಸಿ ಗುಳಿಗೆ ಅಂದರೆ ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ್ದು. 12 ಸಲ ದಾಟುವಷ್ಟರಲ್ಲೇ ಮೂಲ ವಸ್ತುವಿನ ಒಂದು ಅಣು ಉಳಿದಿರುವುದೂ ಅನುಮಾನ. ಸಿಹಿ ಮಾತ್ರ ಇರುತ್ತದೆ.

ಊಟದ ವಿಷಯಕ್ಕೆ ಬಂದರೆ, ಈಗಿನ ಮಂತ್ರ "ನಾಯಿ ಅಂದರೆ ತೋಳ, ಧಾನ್ಯ ಮುಟ್ಟಿಸಬೇಡಿ." 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿದರೆ, ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚು. ನಮ್ಮ ಅನ್ನ, ರೊಟ್ಟಿಯ ಸಹವಾಸ ಅದರ ರಕ್ತದಲ್ಲೇ ಇಳಿದಿದೆ. ಜೋಳದ ರೊಟ್ಟಿ ತಿಂದು ಬೆಳೆದ ಮುಧೋಳ ನಾಯಿ ಮೊಲದ ಹಿಂದೆ ಓಡುವಾಗ ಯಾರೂ ಅದಕ್ಕೆ ಗ್ಲುಟೆನ್ ಪಾಠ ಹೇಳಿರಲಿಲ್ಲ.

ಆದರೆ ಬೆಕ್ಕು ನಾಯಿಯಲ್ಲ. ಟಾರಿನ್ ಎಂಬ ಪೋಷಕಾಂಶ ಮಾಂಸದಲ್ಲಿ ಸಿಗುತ್ತದೆ, ಸೊಪ್ಪು ಬೇಳೆಯಲ್ಲಿ ಸಿಗುವುದಿಲ್ಲ. ಅದು ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲೇ ಖಚಿತವಾಗಿದೆ. "ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನದಲ್ಲೇ ಹದಿನೈದು ವರ್ಷ ಬಾಳಿತು" ಅನ್ನುವವರು ಅಟ್ಟದ ಇಲಿಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಅಟ್ಟವೂ ಇಲ್ಲ, ಇಲಿಯೂ ಇಲ್ಲ, ಬರೀ ಮೊಸರನ್ನ. ಅದೇ ಫ್ಲ್ಯಾಟಿನ ಔಷಧದ ಡಬ್ಬಿಯಿಂದ ಪ್ಯಾರಸಿಟಮಾಲ್ ತೆಗೆದು ಜ್ವರದ ಬೆಕ್ಕಿಗೆ ಕೊಟ್ಟರಂತೂ ಮುಗಿಯಿತು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಸಂಭಾಳಿಸಲು ಬರುವುದಿಲ್ಲ.

ಯಾರಾದರೂ ಮದ್ದು ಹೇಳಿದರೆ ಜಗಳ ಬೇಡ. "ಇದನ್ನು ಕೊಡದೇ ಇದ್ದ ನಾಯಿಗಳು ಏನಾದವು?" ಅಂತ ನಗುತ್ತಾ ಕೇಳಿ ಸಾಕು. ರೇಬೀಸ್ ವಿಷಯದಲ್ಲಿ ಮಾತ್ರ ಆ ಪ್ರಶ್ನೆಗೆ ಉತ್ತರ ಕಾಯಬೇಕಿಲ್ಲ. ಲಕ್ಷಣ ಕಾಣಿಸಿದ ಮೇಲೆ ನಾಯಿಗೂ ಮದ್ದಿಲ್ಲ, ಕಚ್ಚಿಸಿಕೊಂಡವರಿಗೂ ಇಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾಗುತ್ತಲೇ ಲಸಿಕೆ ಹಾಕಿಸಿ, ಕಾರ್ಡಿನಲ್ಲಿ ಬರೆದ ತಾರೀಖು ತಪ್ಪಿಸಬೇಡಿ.