ಭೈರವನಿಗೊಂದು ಬಿಲ್

ಮೊದಲೆಲ್ಲ ಕೆಲಸ ಕಳೆದುಕೊಂಡವನನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಗಡ್ಡ ಬಿಟ್ಟಿರುತ್ತಿದ್ದ. ಹೆಂಡತಿಗೆ ಗೊತ್ತಾಗಬಾರದೆಂದು ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೊರಟು, ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಹೊತ್ತು ಕಳೆದು, ಸಂಜೆ ಆಫೀಸು ಬಿಟ್ಟವರ ಗುಂಪಿನಲ್ಲಿ ಸೇರಿಕೊಂಡು ಮನೆಗೆ ಬರುತ್ತಿದ್ದ. ಈಗಿನವನ ಲಕ್ಷಣವೇ ಬೇರೆ. ಗಡ್ಡ ಇದೆ, ಆದರೆ ಅದಕ್ಕೆ ಸಲೂನಿನಲ್ಲಿ ಎಣ್ಣೆ ಹಚ್ಚಿಸಿದ್ದಾನೆ. ಟೀಶರ್ಟಿನ ಎದೆಯ ಮೇಲೊಂದು ಲೋಗೋ. ಜೇಬಿನಿಂದ ತೆಗೆದು ಕೊಡುವ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಫೌಂಡರ್ ಅಂಡ್ ಸಿಇಒ’. ಕಂಪನಿಯಲ್ಲಿ ಎಷ್ಟು ಜನ ಅಂತ ಮಾತ್ರ ಕೇಳಬಾರದು. ಕೇಳಿದರೆ “ಲೀನ್ ಟೀಮ್” ಅನ್ನುತ್ತಾನೆ. ಅಂದರೆ ಅವನೊಬ್ಬನೇ.

ನನ್ನ ಅಕ್ಕನ ಮಗ ಈ ಜಾತಿಯ ಅಪ್ಪಟ ತಳಿ. ಬೆಂಗಳೂರಿನ ಕಂಪನಿಯೊಂದು ಕಾಫಿ ಆರುವಷ್ಟರಲ್ಲಿ ಮುಗಿದ ವಿಡಿಯೊ ಕರೆಯಲ್ಲಿ ಅವನನ್ನು ಮನೆಗೆ ಕಳಿಸಿತು. ಕೈಗೆ ಮೂರು ತಿಂಗಳ ಸಂಬಳ ಬಂತು, ತಲೆ ಮೇಲೆ ಫ್ಲ್ಯಾಟಿನ ಸಾಲ ಹಾಗೇ ಉಳಿಯಿತು. ಆ ಭಾನುವಾರ ಅಪಾರ್ಟ್‌ಮೆಂಟಿನ ತೋಟದಲ್ಲಿ ವಾಕ್ ಹೋದವನು ಯಾರದೋ ನಾಯಿ ಮಾಡಿಟ್ಟದ್ದನ್ನು ತುಳಿದ. ಉಳಿದವರಾದರೆ ಬೈದು, ಹುಲ್ಲಿಗೆ ಬೂಟು ಉಜ್ಜಿ ಮುಂದೆ ಹೋಗುತ್ತಿದ್ದರು. ಇವನು ನಿಂತು ನೋಡಿದ. ಅವನಿಗೆ ಅಲ್ಲಿ ಮಾರುಕಟ್ಟೆ ಕಾಣಿಸಿತು.

ಮೂರೇ ದಿನದಲ್ಲಿ ನಾಯಿ ಕಕ್ಕದ ಮೇಲೆ ಅವನಷ್ಟು ಓದಿದವರು ಕರ್ನಾಟಕದಲ್ಲಿ ಇರಲಿಲ್ಲವೇನೋ. ನ್ಯೂಯಾರ್ಕಿನಲ್ಲಿ 1978ರಿಂದಲೇ ಕಾನೂನಿದೆ, ನಾಯಿ ಮಾಡಿದ್ದನ್ನು ಯಜಮಾನ ಎತ್ತದಿದ್ದರೆ ದಂಡ, ಅಂದ. ಅಮೆರಿಕದಲ್ಲಿ ವಾರಕ್ಕೊಮ್ಮೆ ಬಂದು ಹಿತ್ತಲು ಶುಚಿ ಮಾಡಿ ಹೋಗುವ ಕಂಪನಿಗಳೇ ಇವೆ, ನಮ್ಮ ದೊಡ್ಡಪ್ಪನ ಮಗನೇ ನ್ಯೂಜೆರ್ಸಿಯಲ್ಲಿ ಡಾಲರ್ ಎಣಿಸಿ ಕೊಡ್ತಾನೆ, ಅಂದ. ಪ್ಯಾರಿಸ್ಸಿನವರು 1982ರಲ್ಲಿ ಇದಕ್ಕೆಂದೇ ಮೋಟಾರ್‌ಸೈಕಲ್ಲಿಗೆ ಹೀರುವ ಯಂತ್ರ ಕಟ್ಟಿ ಬೀದಿಗೆ ಬಿಟ್ಟಿದ್ದರಂತೆ. ಇಸ್ರೇಲಿನ ಪೆಟಾ ತಿಕ್ವಾ ಎಂಬ ಊರಿನವರು 2008ರಲ್ಲಿ ನಾಯಿಗಳ ಡಿಎನ್‌ಎ ಇಟ್ಟುಕೊಂಡು ಬೀದಿಯಲ್ಲಿ ಸಿಕ್ಕಿದ್ದು ಯಾರ ನಾಯಿಯದು ಎಂದು ಪತ್ತೆ ಮಾಡಲು ಹೊರಟಿದ್ದರಂತೆ. ಎಲ್ಲಕ್ಕಿಂತ ಅವನಿಗೆ ರೋಮಾಂಚನ ತಂದದ್ದು ಹಳೆಯ ಲಂಡನ್. ಹೆನ್ರಿ ಮೇಹ್ಯೂ 1851ರ ಹೊತ್ತಿಗೆ ಅಲ್ಲಿನ ಬಡವರ ಕಸುಬುಗಳ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ಬೀದಿಬೀದಿ ಅಲೆದು ನಾಯಿ ಕಕ್ಕ ಆಯುವವರ ವಿಚಾರ ಬರುತ್ತದೆ. ತೊಗಲು ಹದ ಮಾಡುವವರಿಗೆ ಅದು ಬೇಕಿತ್ತು. ಬಕೆಟ್ಟಿಗೆ ಎಂಟು ಹತ್ತು ಪೆನ್ನಿ ಕೊಟ್ಟು ಕೊಳ್ಳುತ್ತಿದ್ದರು. “ನೋಡಿ ಮಾಮ, ಎತ್ತೋದಕ್ಕೂ ದುಡ್ಡು, ಎತ್ತಿದ್ದಕ್ಕೂ ದುಡ್ಡು!” ಎಂದು ಕಣ್ಣರಳಿಸಿದ. ಆ ಆಯುವವರು ಹೊಟ್ಟೆಗಿಲ್ಲದ ಮುದುಕರು, ಮುದುಕಿಯರು ಅನ್ನುವ ಭಾಗವೂ ಆ ಪುಟದಲ್ಲೇ ಇದೆ. ಫೌಂಡರ್‌ಗಳು ಪುಟವನ್ನು ಅರ್ಧ ಓದುವವರು.

ತನ್ನ ಅಪಾರ್ಟ್‌ಮೆಂಟಿನಲ್ಲೇ ಅವನು ಶುರುಮಾಡಿದ ಕಕ್ಕ ಎತ್ತುವ ವ್ಯಾಪಾರಕ್ಕೆ ಅಡ್ಡ ಬಂದದ್ದು ನಾತವಲ್ಲ, ಮರ್ಯಾದೆ. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿದರೆ ತಮ್ಮ ನಾಯಿ ತೋಟದಲ್ಲಿ ಕೂರುತ್ತದೆ ಎಂದು ಒಪ್ಪಿಕೊಂಡಂತೆ. ಆ ಅಪಾರ್ಟ್‌ಮೆಂಟಿನ ಯಾವ ನಾಯಿಯೂ ಹಾಗೆ ಮಾಡುವಂಥದ್ದಲ್ಲ. “ನಮ್ಮ ಬ್ರೂನೋಗೆ ಟ್ರೈನಿಂಗ್ ಆಗಿದೆ. ಅದು ಬೀದಿನಾಯಿದು.” ಒಳಗೆ ಬರಲು ಬೀದಿನಾಯಿಗೆ ಮೂರು ಗೇಟು ದಾಟಬೇಕು, ಎರಡು ಕಡೆ ಸೆಕ್ಯುರಿಟಿಯವನ ಪುಸ್ತಕದಲ್ಲಿ ಹೆಸರು ಬರೆಸಬೇಕು. ಆದರೂ ಅದರದ್ದೇ. ಮೊದಲ ವಾರ ಫ್ರೀ ಟ್ರಯಲ್ ಎಂದಾಗ ಎಲ್ಲ ಮನೆಯವರೂ ಹೆಸರು ಕೊಟ್ಟರು. ಎರಡನೆಯ ವಾರ ಎಲ್ಲ ನಾಯಿಗಳೂ ಮತ್ತೆ ಶುದ್ಧವಾದವು.

ಎತ್ತುವ ಕೆಲಸಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದ. ಅವಳ ತಾಯಿ ಪಾಲಿಕೆಯಲ್ಲಿ ಪೌರಕಾರ್ಮಿಕಳು, ಅಜ್ಜಿ ಅದಕ್ಕೂ ಹಿಂದಿನ, ಮಲ ಹೊರುವ ಕೆಲಸ ಮಾಡಿದವಳು. ಆನ್‌ಲೈನಿನಲ್ಲಿ ತರಿಸಿದ ಸ್ಪ್ರಿಂಗಿನ ಚಿಮಟವನ್ನು ಅವಳು ಒಮ್ಮೆ ತಿರುಗಿಸಿ ನೋಡಿ ಗೋಡೆಗೆ ಒರಗಿಸಿದಳು. ಮೇಲೆ ಒಂದು ಹಿಡಿ ಬೂದಿ ಎರಚಿ, ಎರಡು ತಗಡಿನ ತುಂಡಿನಿಂದ ಗುರುತೂ ಉಳಿಯದಂತೆ ಎತ್ತಿದಳು. ಅದನ್ನು ವಿಡಿಯೊ ಮಾಡಿ ಇವನು ‘ನಮ್ಮ ಪ್ರೋಸೆಸ್’ ಎಂದು ಹಾಕಿದ. ಸಾವಿರಾರು ಜನ ಮೆಚ್ಚಿದರು. ‘ಯಾವ ಕೆಲಸವೂ ಕೀಳಲ್ಲ, ಇನ್ಸ್‌ಪೈರಿಂಗ್ ಬ್ರೋ’ ಎಂದು ಅವನಿಗೆ ಬರೆದರು. ತಲೆಮಾರುಗಟ್ಟಲೆ ಹುಟ್ಟಿನ ಕಾರಣಕ್ಕೇ ಈ ಕೆಲಸ ಹೊತ್ತವರನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದ ನಾಡಿನಲ್ಲಿ, ಅದೇ ಕೆಲಸಕ್ಕೆ ಎಂಜಿನಿಯರಿಂಗ್ ಓದಿದ ಹುಡುಗ ಹೆಸರು ಹಾಕಿಸಿದ ಕೂಡಲೇ ಅದು ಸ್ಫೂರ್ತಿಯಾಗುತ್ತದೆ. ಅವಳ ಅಜ್ಜಿಗೆ ಯಾರೂ ಒಂದು ಲೈಕೂ ಒತ್ತಲಿಲ್ಲ. ತಿಂಗಳು ತುಂಬುವ ಮೊದಲೇ ಅವಳಿಗೆ ಮಾಲ್ ಒಂದರಲ್ಲಿ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತು, ಹೋದಳು. ಅಂದಿನಿಂದ ಟೋಪಿ, ಮಾಸ್ಕು, ಕಪ್ಪು ಕನ್ನಡಕದಲ್ಲಿ ಬೆಳಗಿನ ಜಾವ ಫೌಂಡರೇ ಇಳಿಯತೊಡಗಿದ. ಎತ್ತಿದ್ದನ್ನು ಹಸಿಕಸದವನು ಒಲ್ಲೆ ಎಂದ, ಒಣಕಸದವನು ಕೈಮುಗಿದ. ಕೊನೆಗೆ ಯಾರೂ ಒಲ್ಲದ ಕಸದ ಕೆಂಪು ಡಬ್ಬವೇ ಗತಿಯಾಯಿತು.

ಇದೆಲ್ಲ ಗ್ರಹಚಾರ ಎಂದು ತೀರ್ಮಾನಿಸಿದವಳು ಅಕ್ಕ. ಕಾಶಿಗೆ ಹೊರಡಿಸಿದಳು, ಜೊತೆಗೆ ನನ್ನನ್ನೂ ಎಳೆದಳು. ಕಾಶಿಯಾತ್ರಿಗಳಿಗೆ ನಮ್ಮ ಸರ್ಕಾರ ಕೊಡುವ 5,000 ರೂಪಾಯಿ ಸಹಾಯಧನದ ಅರ್ಜಿ ತುಂಬುತ್ತ ಅಳಿಯ ಬಹಳ ದಿನದ ಮೇಲೆ ನಕ್ಕ. “ಮಾಮ, ಇದು ನನ್ನ ಮೊದಲ ಫಂಡಿಂಗ್.”

ವಿಶ್ವನಾಥನ ದರ್ಶನ, ಗಂಗಾಸ್ನಾನ ಎಲ್ಲ ಆದ ಮೇಲೆ ಸಾರನಾಥಕ್ಕೆ ಆಟೋ ಹಿಡಿದೆವು. ಊರಿನಿಂದ ಸುಮಾರು ಹತ್ತು ಕಿಲೋಮೀಟರ್. ಅಂದು ಶುಕ್ರವಾರ. ಮ್ಯೂಸಿಯಮ್ಮಿಗೆ ವಾರದ ರಜೆ, ಅಶೋಕನ ಸಿಂಹಗಳು ಒಳಗೆ. ನೋಟಿನ ಮೇಲಿದೆಯಲ್ಲ, ಅದನ್ನೇ ನೋಡ್ಕೋ, ಎಂದು ಅಕ್ಕ ಸಮಾಧಾನ ಹೇಳಿದಳು.

ಚೌಖಂಡಿ ಸ್ತೂಪದ ಹತ್ತಿರ ಗೈಡು ಕಥೆ ಶುರುಮಾಡಿದ. ಸಿದ್ಧಾರ್ಥನ ಜೊತೆ ತಪಸ್ಸಿಗೆ ಕೂತಿದ್ದ ಐವರು, ಅವನು ಉಪವಾಸ ಮುರಿದು ಉಂಡನೆಂದು ಬೇಸರಪಟ್ಟು ಬಿಟ್ಟುಹೋದರು. ಬುದ್ಧನಾದ ಮೇಲೆ ಅವನು ನಡೆದುಕೊಂಡು ಬಂದು ಆ ಐವರನ್ನು ಮತ್ತೆ ಕಂಡದ್ದು ಇಲ್ಲೇ ಎಂದು ನಂಬಿಕೆ. ಅಳಿಯನ ಮುಖ ಬೆಳಗಿತು. “ಐದು ಜನ ಕೋ-ಫೌಂಡರ್‌ಗಳು ಬಿಟ್ಟುಹೋಗಿದ್ರು ಮಾಮ! ಬಂದು ಒಂದೇ ಪಿಚ್ ಕೊಟ್ಟ, ಐದೂ ಜನ ವಾಪಸ್!”

“ಅವನು ಅರಮನೇನೇ ಬಿಟ್ಟು ಬಂದವನು ಕಣೋ,” ಎಂದಳು ಅಕ್ಕ. “ನೀನು ಮೊದಲು ಆ ಫ್ಲ್ಯಾಟ್ ಬಿಡು.”

ಧಮೇಖ್ ಸ್ತೂಪದ ಬುಡಕ್ಕೆ ಬಂದರೆ ಇಪ್ಪತ್ತೆಂಟು ಮೀಟರ್ ಅಗಲದ ಆ ಇಟ್ಟಿಗೆಯ ಗುಡ್ಡದ ಸುತ್ತ ಭಿಕ್ಷುಗಳು ಪ್ರದಕ್ಷಿಣೆ ಬರುತ್ತಿದ್ದರು, ಒಂದಷ್ಟು ನಾಯಿಗಳು ನೆರಳು ಸರಿದ ಹಾಗೆ ತಾವೂ ಸರಿದು ಮಲಗುತ್ತಿದ್ದವು. ಪಕ್ಕದಲ್ಲಿದ್ದ ಧರ್ಮರಾಜಿಕ ಸ್ತೂಪದ ಅಡಿಪಾಯ ಮಾತ್ರ ಉಳಿದಿದೆ. 1794ರಲ್ಲಿ ಕಾಶಿಯ ಜಗತ್ ಸಿಂಗ್ ಎಂಬಾತ ಪೇಟೆ ಕಟ್ಟಿಸಲು ಅದರ ಇಟ್ಟಿಗೆ ಕೀಳಿಸಿದ. ಒಳಗೆ ಸಿಕ್ಕಿದ ಅಸ್ಥಿಗಳನ್ನು ಗಂಗೆಗೆ ಬಿಟ್ಟರು. ಒಬ್ಬನ ಕಸ ಇನ್ನೊಬ್ಬನ ಕಚ್ಚಾಮಾಲು ಅನ್ನುವುದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ನನಗಂತೂ ಗೊತ್ತಿಲ್ಲ. ಅಳಿಯನ ಗಮನ ಅಲ್ಲಿರಲಿಲ್ಲ. ಅವನು ನಾಯಿ ಎಣಿಸುತ್ತಿದ್ದ.

ಹಿಂದಿನ ಗಲ್ಲಿಯಲ್ಲಿ ಅವನ ಉತ್ಸಾಹಕ್ಕೆ ಮೊದಲ ಪೆಟ್ಟು ಬಿತ್ತು. ಗೋಡೆ ತುಂಬ ಬೆರಣಿ ತಟ್ಟಿತ್ತು, ಒಂದೊಂದರ ಮೇಲೂ ಐದು ಬೆರಳಿನ ಗುರುತು. ಲೋಗೋ ಅಂದರೆ ಅದು. ಬಕೆಟ್ಟಿನ ಸೆಗಣಿಗೆ ಹೊಟ್ಟು ಕಲಸುತ್ತಿದ್ದ ಹೆಂಗಸಿಗೆ ಇವನು ತನ್ನ ಮುರುಕು ಹಿಂದಿಯಲ್ಲಿ ವ್ಯಾಪಾರದ ವಿವರ ಹೇಳಿದ. ಅವಳಿಗೆ ನಾಯಿಯದ್ದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಸೆಗಣಿಯ ಕೈಯಲ್ಲೇ. ಅವಳ ಲೆಕ್ಕ ಸರಿ. ಹುಲ್ಲು ತಿನ್ನುವ ಹಸು ಹಾಕುವುದರಲ್ಲಿ ನಾರೇ ಹೆಚ್ಚು, ಒಣಗಿದರೆ ಒಲೆಗೆ, ಕೊಳೆತರೆ ಹೊಲಕ್ಕೆ. ಮಾಂಸ ತಿನ್ನುವ ನಾಯಿಯದ್ದರಲ್ಲಿ ಹುಳುವಿನ ಮೊಟ್ಟೆ, ರೋಗದ ಬೀಜ. ತರಕಾರಿ ಪಾತಿಗೆ ಹಾಗೇ ಹಾಕುವಂತಿಲ್ಲ, ಉರಿಸುವಂತೂ ಇಲ್ಲವೇ ಇಲ್ಲ. ಅವಳ ಮಾಲಿಗೆ ಗಿರಾಕಿ ಮನೆಬಾಗಿಲಿಗೆ ಬರುತ್ತಾನೆ. ಇವನ ಮಾಲು ನೋಡಿದರೆ ಬಂದ ಗಿರಾಕಿಯೂ ಓಡುತ್ತಾನೆ.

ಚಹಾ ಅಂಗಡಿಯಲ್ಲಿ ಎರಡನೆಯ ಪೆಟ್ಟು. ಕುಲ್ಹಡ್ ಕೈಗೆ ಕೊಡುತ್ತಿದ್ದ ಮುದುಕನಿಗೆ ಇವನು ಇಲ್ಲಿಗೂ ಬ್ರಾಂಚ್ ಹಾಕುವ ಯೋಜನೆ ಬಿಡಿಸಿ ಹೇಳಿದ. ದೇಶವಿದೇಶದ ಯಾತ್ರಿಕರು ಬರುವ ಜಾಗ, ಇಷ್ಟು ನಾಯಿಗಳು, ಒಬ್ಬರೂ ಎತ್ತುವವರಿಲ್ಲ. ತಿಂಗಳಿಗೆ ನಾಯಿಗಿಷ್ಟು ಎಂದು ಅದರ ಮಾಲೀಕ ಕೊಟ್ಟರೆ ಸಾಕು.

ಮುದುಕ ಎಲ್ಲವನ್ನೂ ಗೌರವದಿಂದಲೇ ಕೇಳಿದ. ನಾಯಿಗಳೆಲ್ಲ ಭೈರೋ ಬಾಬಾನವು, ಭೈಯಾ, ಎಂದ. ಕಾಶಿಗೆ ಕೋತ್ವಾಲ ಕಾಲಭೈರವ, ನಾಯಿ ಅವನ ವಾಹನ. ಬಿಲ್ಲನ್ನು ಅವನ ಗುಡಿಯಲ್ಲೇ ಕೊಟ್ಟುಬಿಡಿ, ಆದರೆ ಕೋತ್ವಾಲರ ಹತ್ತಿರ ದುಡ್ಡು ವಸೂಲಿ ಮಾಡಿದವರನ್ನು ತಾನು ಇದುವರೆಗೆ ನೋಡಿಲ್ಲ, ಎಂದೂ ಸೇರಿಸಿದ. ಕಾಶಿಯಲ್ಲಿ ಬಾಳಬೇಕಾದವನು ಗೂಳಿಯಿಂದ, ಮೆಟ್ಟಿಲಿನಿಂದ, ಸನ್ಯಾಸಿಯಿಂದ ತಪ್ಪಿಸಿಕೊಳ್ಳಬೇಕು ಎಂದು ಅಲ್ಲಿನವರಲ್ಲೊಂದು ಗಾದೆಯಿದೆ. ಆ ಪಟ್ಟಿಯಲ್ಲಿ ನಾಯಿಯ ಹೆಸರು ಬಿಟ್ಟದ್ದು ಯಾಕೆಂದು ನನಗೆ ಆಗ ಹೊಳೆಯಿತು. ಪೊಲೀಸಿನವರ ಸುದ್ದಿ ಯಾರಿಗೆ ಬೇಕು?

ಹುಡುಗ ಮಂಕಾದ. ಸಮಾಧಾನಕ್ಕೆ ನಾನೊಂದು ಹಳೆಯ ಕಥೆ ಹೇಳಿದೆ. ಬುದ್ಧನ ಕಾಲದಲ್ಲಿ ಸೇನಿಯ ಎಂಬೊಬ್ಬ ತಪಸ್ವಿ ನಾಯಿವ್ರತ ಹಿಡಿದಿದ್ದ. ನಾಯಿಯ ಹಾಗೆ ಮುದುರಿ ಕೂರುವುದು, ನೆಲಕ್ಕೆ ಹಾಕಿದ್ದನ್ನು ತಿನ್ನುವುದು. ಇವನಿಗೆ ಮುಂದೇನು ಫಲ ಎಂದು ಜೊತೆಗಾರ ಬುದ್ಧನನ್ನು ಕೇಳಿದ. ಬೇಡ, ಅದನ್ನು ಕೇಳಬೇಡ, ಎಂದು ಬುದ್ಧ ಎರಡು ಸಲ ತಪ್ಪಿಸಿದ. ಮೂರನೆಯ ಸಲ ಹೇಳಲೇಬೇಕಾಯಿತು: ನಾಯಿವ್ರತ ಪೂರ್ತಿ ಸಿದ್ಧಿಸಿದರೆ ನಾಯಿಗಳ ನಡುವೆಯೇ ಹುಟ್ಟುತ್ತಾನೆ. ಕೇಳಿ ಸೇನಿಯ ಅತ್ತುಬಿಟ್ಟ. ಆಮೇಲೆ ಅವನು ಬುದ್ಧನಲ್ಲೇ ದೀಕ್ಷೆ ಪಡೆದ.

“ಅಂದ್ರೆ ಪಿವಟ್ ಮಾಡಿದ,” ಎಂದ ಅಳಿಯ. ಮಂಕು ಹರಿದಿತ್ತು.

ಹಿಂದಿರುಗುವ ಆಟೋದಲ್ಲಿ ಅಕ್ಕನಿಗೆ ಮುಖ್ಯವಾದದ್ದು ನೆನಪಾಯಿತು. ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಇಲ್ಲೇ ಬಿಟ್ಟು ಹೋಗಬೇಕಲ್ಲ. ಹುಟ್ಟಿದಾರಭ್ಯ ಬಾಯಿಗಿಡದ ಹಾಗಲಕಾಯಿಯನ್ನು ಅವಳು ಬೆಳಿಗ್ಗೆಯೇ ಗಂಗೆಯಲ್ಲಿ ಮುಳುಗಿ ಬಿಟ್ಟಿದ್ದಳು. “ನೀನೇನು ಬಿಟ್ಟೆಯೋ?” ಎಂದು ಮಗನನ್ನು ಕೇಳಿದಳು, ಆ ನಾಯಿ ಕಸುಬು ಎಂಬ ಉತ್ತರ ಬಾರದೇ ಎಂಬ ಆಸೆಯಿಂದ.

ಅವನು ಬಹಳ ಯೋಚಿಸಿದ. “ಫ್ರೀ ಟ್ರಯಲ್ ಬಿಟ್ಟೆ ಕಣಮ್ಮ.”

ಅದು ಹೋಟೆಲಿನಲ್ಲಿ ಸಿಗುವ ಯಾವುದೋ ತಿಂಡಿ ಇರಬೇಕೆಂದುಕೊಂಡಳೋ ಏನೋ ಅಕ್ಕ. “ಒಳ್ಳೇದಾಯ್ತು ಬಿಡು, ಹೊಟ್ಟೆಗೂ ಹಗುರ,” ಎಂದಳು.