ಉಪಕರಣಾಚಾರ್ಯರು

ನಮ್ಮ ಕಚೇರಿಯ ಉಪಕರಣಾಚಾರ್ಯರಿಗೆ ಆ ಬಿರುದನ್ನಿತ್ತವರು ಸಹೋದ್ಯೋಗಿಗಳಾದ ನಾವೇ ಆದರೂ, ಅವರು ಅದನ್ನು ಪರಿಹಾಸವೆಂದು ಬಗೆಯದೆ ಪರಮ ಗಾಂಭೀರ್ಯದಿಂದ ಸ್ವೀಕರಿಸಿದುದರಿಂದ ಅದೀಗ ಅವರ ಸ್ವಯಾರ್ಜಿತ ಸ್ವತ್ತೇ ಆಗಿಬಿಟ್ಟಿದೆ. ಕಂಪ್ಯೂಟರಿನ ಮುಂದೆ ಕುಳಿತವನ ಅಮೂಲ್ಯ ಕಾಲವನ್ನು ಉಳಿಸಿಕೊಡುವೆವೆಂದು ಹೇಳಿಕೊಳ್ಳುವ ಪುಟ್ಟ ತಂತ್ರಾಂಶಗಳು ಎಷ್ಟಿವೆಯೋ ಅಷ್ಟನ್ನೂ ಇಳಿಸಿಕೊಂಡು, ಒಂದರೊಡನೊಂದನ್ನು ತೂಗಿ, ತರತಮವನ್ನು ನಿರ್ಣಯಿಸುವುದು ಅವರ ನಿತ್ಯಕರ್ಮ. ಹಾಗೆ ಉಳಿದ ಕಾಲವೆಲ್ಲವೂ ಮುಂದಿನ ತಂತ್ರಾಂಶದ ಪರೀಕ್ಷೆಗೆ ವಿನಿಯೋಗವಾಗುವುದರಿಂದ ಅವರ ಖಾತೆಯಲ್ಲಿ ಜಮಾ ಖರ್ಚುಗಳೆರಡೂ ಸದಾ ಸರಿಸಮ.

ನಕಲು ಮಾಡಿದ್ದನ್ನೆಲ್ಲ ನೆನಪಿಡುವ ಸೌಕರ್ಯವನ್ನು ವಿಂಡೋಸ್ 2018ರಲ್ಲಿಯೇ ಒದಗಿಸಿತಲ್ಲ, ವಿಂಡೋಸ್ ಕೀಲಿಯೊಡನೆ ‘ವಿ’ ಒತ್ತಿದರೆ ಸಾಲದೇ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೋ, ಕೆಟ್ಟರು. “ಇಪ್ಪತ್ತೈದಕ್ಕೆ ಅದರ ಹೊಟ್ಟೆ ತುಂಬಿತು ಸ್ವಾಮಿ! ಯಂತ್ರವನ್ನು ಆರಿಸಿ ಹಚ್ಚಿದರೆ, ಪಿನ್ ಮಾಡಿದ್ದು ಉಳಿದೀತು, ಮಿಕ್ಕದ್ದು ಮಾಯ. ಡಿಟ್ಟೊ ಎಂಬ ತಂತ್ರಾಂಶ ಹಾಗಲ್ಲ” ಎಂದು ಆರಂಭವಾದ ಪ್ರವಚನವು ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಸೆವೆನ್ ಜಿಪ್‌ಗಳನ್ನು ಹಾದು, ಆಟೋಹಾಟ್‌ಕೀಯಲ್ಲಿ ತಮ್ಮ ಸಹಿಯ ಒಕ್ಕಣೆಯನ್ನು ಎರಡೇ ಅಕ್ಷರಕ್ಕೆ ಇಳಿಸಿದ ಸಾಹಸಕ್ಕೆ ಬರುವಷ್ಟರಲ್ಲಿ ಕ್ಯಾಂಟೀನಿನ ಕಾಫಿ ಮುಗಿದಿರುತ್ತದೆ. ಸಹಿ ಹಾಕಬೇಕಾದ ಪತ್ರ ಯಾವುದೆಂದು ಕೇಳುವಷ್ಟು ಕ್ರೂರಿಗಳು ನಾವಲ್ಲ. ನ್ಯಾಯವಾಗಿ ಹೇಳುವುದಾದರೆ, ಹಳೆಯ ನುಡಿ ತಂತ್ರಾಂಶದ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸಿಕೊಂಡು ಕಚೇರಿಯೇ ಕಂಗೆಟ್ಟಿದ್ದಾಗ, ಅವುಗಳನ್ನು ಯೂನಿಕೋಡಿಗೆ ತಿರುಗಿಸಿ ನಮ್ಮ ಮಾನ ಉಳಿಸಿದವರೂ ಅವರೇ.

ಮೊನ್ನೆ ಮೇಲಧಿಕಾರಿಗಳು ತಾವೇ ಆಚಾರ್ಯರ ಮೇಜಿನ ಬಳಿಗೆ ಬಂದು ಮಾರ್ಚಿ ತಿಂಗಳ ವರದಿಯನ್ನು ಕೇಳಿದರು. ಆಚಾರ್ಯರ ಮುಖ ಅರಳಿತು. ಎವೆರಿಥಿಂಗ್ ಎಂಬ ತಂತ್ರಾಂಶವು ಕಡತಗಳ ಒಡಲನ್ನು ತಡಕುವ ಗೋಜಿಗೆ ಹೋಗದೆ, ಡಿಸ್ಕಿನ ಮಾಸ್ಟರ್ ಫೈಲ್ ಟೇಬಲ್ಲಿನಿಂದಲೇ ಹೆಸರುಗಳ ಸೂಚಿಯನ್ನು ಕಟ್ಟಿಟ್ಟುಕೊಳ್ಳುವುದೆಂಬ ರಹಸ್ಯವನ್ನು ವಿವರಿಸುತ್ತ ಅವರು ‘ವರದಿ’ ಎಂದು ಬೆರಳಚ್ಚಿಸಿ ಮುಗಿಸುವುದರೊಳಗೆ ಕಡತವು ಪರದೆಯ ಮೇಲೆ ಪ್ರತ್ಯಕ್ಷವಾಯಿತು: ಹೆಸರು, ಇದ್ದ ಜಾಗ, ತಾರೀಖು, ಕೊನೆಯ ಅಂಕಣದಲ್ಲಿ ಗಾತ್ರ. ಗಾತ್ರ ಸೊನ್ನೆ ಕೆಬಿ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ವಿಂಡೋಸಿನ ಹುಡುಕಾಟವನ್ನೇ ನಂಬಿದ್ದರೆ ಸಾರ್,” ಎಂದರು ಆಚಾರ್ಯರು, ಲವಲೇಶವೂ ವಿಚಲಿತರಾಗದೆ, “ಇಷ್ಟು ತಿಳಿಯುವುದಕ್ಕೇ ಊಟದ ಹೊತ್ತಾಗುತ್ತಿತ್ತು.”