ಟವೆಲ್ ಹಾಕಿದ ಸೀಟು

ನನ್ನ ಹೆಸರು ಶ್ರೀನಿವಾಸಮೂರ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಚೆಗೆ ಒಂದು ಕಡೆ ದುಡ್ಡು ಕಟ್ಟಿ ಪಡೆದ ರಸೀದಿಯಲ್ಲಿ ನಾನು 'ಶ್ರೀನಿವಾಸಮ' ಆಗಿದ್ದೆ. 'ಮ' ಆದಮೇಲೆ ಕಪ್ಪು ವಜ್ರದಾಕಾರದೊಳಗೆ ಒಂದು ಪ್ರಶ್ನೆ ಚಿಹ್ನೆ. ಏನಮ್ಮಾ ಇದು ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಸಿಸ್ಟಮ್ ತಗೊಳ್ಳೋದೇ ಅಷ್ಟು ಅಂಕಲ್, ಇಂಗ್ಲಿಷಲ್ಲಿ ಕೊಟ್ಟಿದ್ರೆ ಪೂರ್ತಿ ಬರ್ತಿತ್ತು" ಅಂದಳು. ಮನೆಯಲ್ಲಿ ನನ್ನಾಕೆ ರಸೀದಿಯನ್ನು ಕನ್ನಡಕ ಹಾಕಿಕೊಂಡು ನೋಡಿ, "ಸರಿಯಾಗೇ ಇದೆಯಲ್ಲ! ಮೂರ್ತಿ ಇದ್ದದ್ದು ಮದುವೆ ಫೋಟೋದಲ್ಲಿ. ಈಗ ಉಳಿದಿರೋದು ಪ್ರಶ್ನೆ ಮಾತ್ರ" ಎಂದಳು.

ಬೇರೆಯವರಾದರೆ ಗೊಣಗಿ ಸುಮ್ಮನಾಗುತ್ತಿದ್ದರು. ನಾನು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಅನ್ನ ತಿಂದವನು. ನಿವೃತ್ತನಾದರೂ ಬೈಟ್ ಎಣಿಸುವ ಚಟ ಬಿಟ್ಟಿಲ್ಲ. ರಸೀದಿಯ ಬೆನ್ನ ಮೇಲೇ ಲೆಕ್ಕ ಹಾಕಿದೆ. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. 'ಶ್ರೀ' ಒಂದಕ್ಕೇ ಶ, ಹಲಂತ, ರ, ದೀರ್ಘ ಎಂದು ನಾಲ್ಕು ಸಂಕೇತ, ಹನ್ನೆರಡು ಬೈಟ್. ಶ್ರೀ ಅಂದರೆ ಸಂಪತ್ತು ತಾನೆ, ಖರ್ಚಾಗಲಿ. ಇಡೀ ಹೆಸರಿಗೆ 15 ಸಂಕೇತ, 45 ಬೈಟ್. ಇಂಗ್ಲಿಷಿನಲ್ಲಾದರೆ 15 ಬೈಟಿನಲ್ಲಿ ಮುಗಿಯುವ ಮನುಷ್ಯ ನಾನು. ಯಾರೋ ಪುಣ್ಯಾತ್ಮ ಹೆಸರಿಗೆಂದು 32 ಬೈಟ್ ಇಟ್ಟಿರಬೇಕು. ಹೆಸರು ಮುಗಿಯಿತೆಂದು ಸಾರುವ ಕೊನೆಯ ಸೊನ್ನೆಗೆ ಒಂದು ಹೋಗಿ 31 ಉಳಿಯಿತು. ಹತ್ತು ಸಂಕೇತಕ್ಕೆ 30. ಅಲ್ಲಿಗೆ 'ಮ' ಮುಗಿಯಿತು. ಮಿಕ್ಕ ಒಂದು ಬೈಟಿನಲ್ಲಿ ಮುಂದಿನ ಕೊಂಬಿನ ತಲೆ ಮಾತ್ರ ತೂರಿದೆ. ಆ ತಲೆ 'ನನ್ನ ಹಿಂದೆ ಇನ್ನಿಬ್ಬರಿದ್ದಾರೆ' ಎಂದು ಸಾರುತ್ತದೆ, ಹಿಂದೆ ನೋಡಿದರೆ ಯಾರೂ ಇಲ್ಲ. ಅದಕ್ಕೇ ಆ ಪ್ರಶ್ನೆ ಚಿಹ್ನೆ.

ಸಿ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನಿಸ್ ರಿಚಿಯ ಕೈಯಲ್ಲಿ.  ಅದರಲ್ಲಿ ಅಕ್ಷರಗಳ ಸಾಲಿಗೆ, ಅಂದರೆ ಸ್ಟ್ರಿಂಗಿಗೆ, ತಾನೆಷ್ಟು ಉದ್ದ ಎಂಬುದೇ ತಿಳಿಯದು. ಸೊನ್ನೆ ಸಿಗುವವರೆಗೂ ನಡೆಯುವುದು, ಸಿಕ್ಕಲ್ಲಿ ನಿಲ್ಲುವುದು. ನನ್ನ ಬಾಲ ಕತ್ತರಿಸಿದವನು ಸಭ್ಯನೇ ಅನ್ನಬೇಕು. ಕತ್ತರಿಸದೆ ಸುರಿಯುತ್ತಲೇ ಹೋಗುವ ಗೆಟ್ಸ್ ಎಂಬ ಫಂಕ್ಷನ್ ಒಂದಿತ್ತು. ಪಾತ್ರೆ, ಅಂದರೆ ಬಫರ್, ಎಷ್ಟು ದೊಡ್ಡದು ಎಂದು ಅದು ಕೇಳುತ್ತಲೇ ಇರಲಿಲ್ಲ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು-ಪ್ರೋಗ್ರಾಮ್, 512 ಬೈಟಿನ ಬಫರಿಗೆ 536 ಬೈಟ್ ತುರುಕಿ ಇಂಟರ್ನೆಟ್ಟಿನ ಎಷ್ಟೋ ಯಂತ್ರಗಳೊಳಗೆ ನುಗ್ಗಿದ್ದು ಈ ಗೆಟ್ಸ್ ತೆರೆದಿಟ್ಟ ಬಾಗಿಲಿನಿಂದಲೂ ಹೌದು. ಅದನ್ನು ಭಾಷೆಯಿಂದ ಹೊರಹಾಕಿದ್ದು 2011ರ ಮಾನಕದಲ್ಲಿ. ಕೆಲವು ನೆಂಟರನ್ನು ಏಳಿಸಲು ಅಷ್ಟು ಕಾಲ ಬೇಕಾಗುತ್ತದೆ.

ಹಾಗಾದರೆ ಬಫರ್ ಬೆಳೆಯಲಿ ಅನ್ನುತ್ತೀರಿ. ಬೆಳೆಯುತ್ತದೆ, ಆದರೆ ನೀವು ಸರ್ಕಾರಿ ಕೆಂಪು ಬಸ್ಸು ಹತ್ತಿದವರಾಗಿದ್ದರೆ ಅದರ ಕಷ್ಟ ಬೇಗ ತಿಳಿಯುತ್ತದೆ. ಇಬ್ಬರು ಕೂತಿದ್ದೀರಿ, ಮೂರನೆಯವರು ಬಂದರು. ಪಕ್ಕದ ಜಾಗ ಖಾಲಿಯಿದ್ದರೆ ಸರಿದರಾಯಿತು. ಇಲ್ಲದಿದ್ದರೆ ಜಾಗ ಹಿಗ್ಗಿಸುವ ಸಿ ಫಂಕ್ಷನ್ ರಿಯಾಲಾಕ್ ಎಂಬ ಕಂಡಕ್ಟರು ಇಡೀ ಸಂಸಾರವನ್ನು ಚೀಲ ಬುಟ್ಟಿ ಸಮೇತ ಎಬ್ಬಿಸಿ ಹಿಂದಿನ ಉದ್ದ ಸೀಟಿಗೆ ಕಳಿಸುತ್ತಾನೆ. ಕಡಲೆಕಾಯಿ ತರಲು ಇಳಿದಿದ್ದ ಸೋದರತ್ತೆಗೆ ಇದು ಗೊತ್ತಿಲ್ಲ. ಹಳೆಯ ಗುರುತಿನ ಮೇಲೆ ಬಂದು ಯಾರದೋ ತೊಡೆಯ ಮೇಲೆ ಕೂರುತ್ತಾರೆ. ಹಳೆಯ ವಿಳಾಸ ಹಿಡಿದ ಪಾಯಿಂಟರಿನ ಪಾಡೂ ಅದೇ. ತೊಡೆಯವನು ಅಲ್ಲೇ ಕೂಗಿಕೊಳ್ಳುತ್ತಾನೆ. ಪ್ರೋಗ್ರಾಮ್ ಮಾತ್ರ ಎರಡು ದಿನ ಬಿಟ್ಟು, ಸಂಬಂಧವೇ ಇಲ್ಲದ ಇನ್ನೊಂದು ಜಾಗದಲ್ಲಿ ಕೂಗುತ್ತದೆ.

ಹೀಗೆ ತಲೆಗೊಂದು ಸಲ ಎದ್ದು ಕೂತರೆ ಪ್ರಯಾಣವೇ ಸಾಗದು. ಅದಕ್ಕೇ ಬಲ್ಲವರು ಕಿಟಕಿಯಿಂದ ಟವೆಲ್ ಹಾಕಿ, ಇದ್ದವರ ಎರಡರಷ್ಟು ಸೀಟು ಹಿಡಿಯುತ್ತಾರೆ. ವಿಳಾಸದ ಜೊತೆಗೆ ಕೂತವರೆಷ್ಟು, ಹಿಡಿದದ್ದೆಷ್ಟು ಎಂಬ ಎರಡು ಅಂಕಿ ಬರೆದಿಟ್ಟರೆ ಬಫರಿನ ಸಂಸಾರ ನಡೆಯಿತು. ಸಾವಿರ ಬೈಟನ್ನು ಒಂದೊಂದೇ ಜಾಗ ಕೇಳುತ್ತಾ ಸೇರಿಸಿ, ಪ್ರತಿ ಸಲವೂ ಎದ್ದು ಹೋಗಬೇಕಾಗಿ ಬಂದರೆ 4,99,500 ಬೈಟ್ ಹೊರಬೇಕು. ಒಂದರಿಂದ ಶುರುಮಾಡಿ ಇಮ್ಮಡಿಸುತ್ತಾ ಹೋದರೆ 1,023. ಮೊದಲ ಸಲ ಈ ಲೆಕ್ಕ ನೋಡಿದಾಗ ನಾನು ನಂಬದೆ ಬೆರಳು ಮಡಚಿದ್ದೆ, ಬೆರಳು ಸಾಲಲಿಲ್ಲ.

ಎಲ್ಲಿಯವರೆಗೆ ಇಮ್ಮಡಿಸುವುದು ಎಂಬುದರಲ್ಲಿ ಮತಭೇದವಿದೆ. ಒಂದೂವರೆಪಟ್ಟು ಸಾಕು ಎನ್ನುವವರ ಪಂಗಡವೇ ಬೇರೆ. ನನಗೆ ಹಿಡಿಸಿದ್ದು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೋ ರೆಡಿಸ್ ತಂತ್ರಾಂಶದಲ್ಲಿ ಹಾಕಿದ ಕಟ್ಟು: ಒಂದು ಮೆಗಾಬೈಟ್ ತಲುಪುವವರೆಗೆ ಎರಡರಷ್ಟು ಕೊಡು, ಆಮೇಲೆ ಬೇಕಾದದ್ದಕ್ಕಿಂತ ಒಂದೇ ಮೆಗಾಬೈಟ್ ಹೆಚ್ಚು. ಬಡತನದಲ್ಲಿ ಧಾರಾಳ, ಸಿರಿ ಬಂದಮೇಲೆ ಬಿಗಿಕೈ. ಇದನ್ನು ನನ್ನಾಕೆಗೆ ಬಹಳ ಉತ್ಸಾಹದಿಂದ ವಿವರಿಸಿದೆ. "ನಿಮ್ಮ ಅಣ್ಣನ ಥರ" ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು.